ತಾಳಿ ಫೋಟೋಕ್ಕೆ ಅಡ್ಡ ನಿಂತೆ

ಸುರಪುರದಲ್ಲಿ ನನ್ನ ಮೊಮ್ಮಗಳ ಮದುವೆ. ಮದುಮಗ ಅವಳ ಕೊರಳ ಹತ್ತಿರ ತಾಳಿ ಹಿಡಿದು ಗೊಂಬೆಯ ಹಾಗೆ ನಿಂತುಬಿಟ್ಟಿದ್ದ. ಫೋಟೋದವನು ಕಟ್ಟಲು ಬಿಡುತ್ತಿಲ್ಲ. “ಅಣ್ಣಾರ, ಹಂಗ ಹಿಡೀರಿ. ಅಕ್ಕಾರ, ಸ್ವಲ್ಪ ನಾಚ್ರಿ” ಎನ್ನುತ್ತಾನೆ. ಅಕ್ಷತೆ ಸರಿಯಾಗಿ ಬೀಳಲಿಲ್ಲವೆಂದು ಮತ್ತೊಮ್ಮೆ ಹಾಕಿಸಿದ. ಐನೋರು ಮುಹೂರ್ತ ಮೀರುತ್ತದೆಂದು ಬಡಕೊಳ್ಳುತ್ತಿದ್ದರು. ವನದುರ್ಗದ ಕೋಟೆ ನೋಡಲು ಬಂದವಳು, ಬೀಗರು ಕರೆದರೆಂದು ಮದುವೆಗೂ ಬಂದಿದ್ದ ಒಬ್ಬ ಪರದೇಶದ ಹೆಣ್ಣುಮಗಳು, ಫೋಟೋದವನದೇ ಫೋಟೋ ತೆಗೆಯುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಕ್ಯಾಮೆರಾಕ್ಕೆ ಅಡ್ಡ ನಿಂತು, “ಏ ಖೋಡಿ, ಮದಿವಿ ನಿಂದೋ ಅವಂದೋ?” ಎಂದು ಒದರಿದೆ. ಮದುಮಗ ಗಾಬರಿಯಾಗಿ ಮೂರೂ ಗಂಟು ಹಾಕಿಬಿಟ್ಟ.

ಆಮೇಲೆ ಆ ಹೆಣ್ಣುಮಗಳು ತನ್ನ ಗೈಡ್‌ನನ್ನು ಕರೆದುಕೊಂಡು ಬಂದಳು. “ಅಮ್ಮಾರ, ತಾಳಿ ಕಟ್ಟೂ ಮುಂದ ಅಜ್ಜಿ ಬಂದು ಫೋಟೋದವಗ ಬೈಯೂದು ನಿಮ್ಮ ಪದ್ಧತಿ ಏನ್ರಿ ಅಂತ ಕೇಳಾಕತ್ತಾರ” ಎಂದ.

“ಹೌದಪಾ. ಬೈಲಿಲ್ಲಂದ್ರ ಮದಿವಿ ಆಗಂಗಿಲ್ಲ, ಬರಕೋ ಅನ್ನು” ಎಂದೆ. ಅವಳು ಬರೆದುಕೊಂಡಳು.

ಮುಹೂರ್ತ ಉಳಿಯಿತು. ಆದರೆ ತಾಳಿ ಕಟ್ಟಿದ ಫೋಟೋದಲ್ಲಿ ತಾಳಿಯೂ ಇಲ್ಲ, ಮದುಮಕ್ಕಳೂ ಇಲ್ಲ, ನನ್ನ ತೆರೆದ ಬಾಯಿ ಒಂದೇ ಇದೆ. ಮೊಮ್ಮಗಳು ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ. ಬಂದವರೆಲ್ಲ ಯಾರ ಮದುವೆಯದು ಎಂದು ಕೇಳುತ್ತಾರೆ.