ಪಂಪ್ ರೂಮಿನ ಹಿಂದೆ ಬರುವ ಧೋಬಿ

ಕೊರಳಲ್ಲಿ ಪೈಜಾಮದ ಲಾಡಿ ಕಟ್ಟಿದ ದುರ್ಬೀನು, ಸೊಂಟದಲ್ಲಿ ಟೆರೇಸು, ಟಾಂಕಿ, ಪಂಪ್ ರೂಮುಗಳ ಕೀಲಿಗೊಂಚಲು, ಪ್ಯಾಂಟಿನ ಹಿಂಜೇಬಿನಿಂದ ಇಣುಕುವ ಒಂದು ಪಾನಾ. ಪೈಪಿನ ನಟ್ಟು ತಿರುಗಿಸುವ ಆ ಪಾನಾ ಇಲ್ಲದೆ ನಮ್ಮ ಸೆಕ್ರೆಟರಿ ಕಾಕಾರನ್ನು ನಾನು ನೋಡಿದ್ದೇ ಇಲ್ಲ. ನಡೆದರೆ ಕೀಲಿಗಳು ಗಿಲಿಗಿಲಿ ಅನ್ನುತ್ತಿದ್ದವು. ಹಕ್ಕಿ ನೋಡಲು ಹೊರಟಾಗ ಮಾತ್ರ ಅವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವರು.

ಧಾರವಾಡದ ಕಡೆಯವರು. ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದು ರಿಟೈರ್ ಆದವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅಲ್ಲೇ ಪಕ್ಕದ ನಮ್ಮ ಹಳೇ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗಿರಿಯನ್ನು ಬೇರೆ ಯಾರೂ ಒಪ್ಪದ ಕಾರಣ ಇವರೇ ಹೊತ್ತುಕೊಂಡಿದ್ದರು.

ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಅಡುಗೆಮನೆಯ ಕಿಟಕಿಯ ಕೆಳಗೇ ಪಂಪ್ ರೂಮು. ನವರಾತ್ರಿ ಬಂತೆಂದರೆ ಅಲ್ಲಿಯ ಪೈಪು ಸೋರಲು ಶುರು. ಹಿಂದಿನ ಮೋರಿಯ ಕಲ್ಲಿಗೆ ಪಾಚಿ ಕಟ್ಟಿ, ಕಾಂಪೌಂಡ್ ಗೋಡೆಯವರೆಗೂ ನೀರು. ವಾರಕ್ಕೊಂದು ದಿನ ನೀರು ಬಂದ್ ಆಗುವ ಊರಿನಲ್ಲಿ ಇದೆಂಥ ಅನ್ಯಾಯ ಎಂದು ಮೂರು ಅರ್ಜಿ ಬರೆದೆ. ಮೂರಕ್ಕೂ ಸೀಲು ಹೊಡೆದು, ಕೆಲಸ ನಡೆದಿದೆ ಎಂದು ಕೈಮುಗಿದರು. ಯಾವ ಕೆಲಸವೂ ನಡೆಯಲಿಲ್ಲ.

ಒಂದು ವರ್ಷ ಗಣಪತಿ ಹಬ್ಬದ ಹೊತ್ತಿಗೆ ನನ್ನ ಅಮ್ಮ ಹೋದಳು. ನಾನು ಮದುವೆಯಾಗದವಳು. ಉಡುಪಿಯಿಂದ ಬಂದಿದ್ದ ತಮ್ಮ ಹದಿಮೂರನೇ ದಿನ ಮುಗಿಸಿ ಹೊರಟ. ಮನೆಯಲ್ಲಿ ತುಳು ನಿಂತುಹೋಯಿತು. ಆಫೀಸಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ, ಮನೆಗೆ ಬಂದರೆ ಯಾವ ಭಾಷೆಯೂ ಇಲ್ಲ. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಬೆಳಗಾಗುವವರೆಗೆ ಆ ನೀರಿನ ತೊಟತೊಟ ಕೇಳುತ್ತ ಬಿದ್ದಿರುವುದು. ಒಂದು ಬೆಳಿಗ್ಗೆ ತಲೆ ಕೆಟ್ಟು, ಇವತ್ತು ಈ ಮನುಷ್ಯನ ಜನ್ಮ ಜಾಲಾಡಿಬಿಡುತ್ತೇನೆ ಎಂದು ಇಳಿದೆ.

ಪಂಪ್ ರೂಮಿನ ಹಿಂದೆ ಬಕೆಟ್ ಬೋರಲು ಹಾಕಿ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳೆತ್ತಿ, ಇನ್ನೊಂದು ಬಕೆಟ್ ಬೋರಲು ಹಾಕಿದರು.

"ಎರಡು ನಿಮಿಷ ಕುಂದರ್ರಿ ಅಕ್ಕಾರ. ಆಮ್ಯಾಲೆ ಬೈರಿ."

ಕೂತೆ. ಗೋಡೆಯ ಆಚೆ ನಾಲಾ, ಹುಲ್ಲು, ಕಾರ್ಖಾನೆಯ ಚಿಮಣಿ. ಗಾಳಿಯಲ್ಲಿ ಅದೇ ಕೊಳೆತ ಹಣ್ಣಿನಂಥ ಕೆಮಿಕಲ್ ವಾಸನೆ. ಅಲ್ಲಿಂದ ಒಂದು ಹಕ್ಕಿ ಹಾರಿ ಬಂದು, ನಾನು ಮೂರು ಅರ್ಜಿ ಬರೆದಿದ್ದ ನೀರಿನಲ್ಲಿ ನಿಂತಿತು. ಬೆನ್ನು ಬೂದಿ, ಹೊಟ್ಟೆ ಅರಿಸಿನ. ಉದ್ದ ಬಾಲವನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸುತ್ತ ಪಾಚಿಯಲ್ಲಿ ಹುಳ ಹೆಕ್ಕತೊಡಗಿತು. ಕನ್ನಡದಲ್ಲಿ ಅದು ಕುಂಡೆಕುಸ್ಕ. ಹೆಂಗಸರ ಮುಂದೆ ಆ ಹೆಸರು ಹೇಳಲು ನಾಚಿ, ಕಾಕಾ ಮರಾಠಿಯವರ ಹಾಗೆ ಧೋಬಿ ಅಂದರು.

"ಹಿಮಾಲಯದ ಕಡಿಂದ ಬರತೈತ್ರಿ, ಪ್ರತಿ ಚಳಿಗಾಲ, ಇದ ಜಾಗಾಕ್ಕ. ನೀರು ಬಂದ್ ಮಾಡಿದ್ರ ಅದು ಯಾರಿಗೆ ಅರ್ಜಿ ಕೊಡಬೇಕು?"

ಪೈಪು ತಾನಾಗಿ ಸೋರುತ್ತಿರಲಿಲ್ಲವಂತೆ. ನವರಾತ್ರಿಗೆ ಪಾನಾ ಹಿಡಿದು ನಟ್ಟು ಸಡಿಲ ಮಾಡುವವರೂ ಇವರೇ, ಯುಗಾದಿ ಕಳೆದು ಹಕ್ಕಿ ಹೋದ ಮೇಲೆ ಬಿಗಿ ಮಾಡುವವರೂ ಇವರೇ. ಕಳ್ಳತನ ಒಪ್ಪಿಕೊಂಡವರ ಹಾಗೆ ತಲೆ ತಗ್ಗಿಸಿ ಹೇಳಿದರು. ನನಗೆ ಬೈಯುವುದೇ ಮರೆತುಹೋಯಿತು.

ಮರುದಿನವೂ ಇಳಿದೆ. ಆಮೇಲೆ ದಿನಾ, ಆಫೀಸಿಗೆ ಹೊರಡುವ ಮೊದಲು ಇಪ್ಪತ್ತು ನಿಮಿಷ. ಅಮ್ಮನ ವಿಷಯ ಅವರು ಎತ್ತಲಿಲ್ಲ, ಸಮಾಧಾನ ಹೇಳಲಿಲ್ಲ. ದುರ್ಬೀನು ಕೈಗಿತ್ತು, ಕಾಲು ನೋಡಿ, ಕೊಕ್ಕು ನೋಡಿ ಅನ್ನುವರು. ನೋಡುವಷ್ಟು ಹೊತ್ತು ಎದೆಯ ಮೇಲಿನ ಭಾರ ಇರುತ್ತಿರಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅಲಾರಮ್ ಬಡಿದ ಮೇಲೆ ನನಗೆ ಎಚ್ಚರವಾಯಿತು. ಎಷ್ಟು ತಿಂಗಳ ಮೇಲಿನ ನಿದ್ದೆ ಅದು! ಓಡಿಬಂದು ಹೇಳಿದರೆ, ಧೋಬಿ ಬಂದು ಹೋಯಿತು, ನಿಮ್ಮ ಪಾಲಿಂದೂ ನಾನೇ ನೋಡಿದೆ ಎಂದು ನಕ್ಕರು.

ನಾಲ್ಕನೇ ಚಳಿಗಾಲ, ಜನವರಿಯಲ್ಲಿ ಸೊಸೈಟಿಯ ಮೀಟಿಂಗ್. ನೀರು ಪೋಲು ಮಾಡುವ ಸೆಕ್ರೆಟರಿ ಎಂದು ಮೂರನೇ ಮಹಡಿಯವರು ಕೂಗಾಡಿದರು. ಕಾಕಾ ಎದ್ದು ಹಕ್ಕಿಯ ವಿಷಯ ಹೇಳಿದರು. ಸಭೆ ನಕ್ಕಿತು. ಈ ಹಕ್ಕಿಯನ್ನು ಬೇರೆ ಯಾರಾದರೂ ನೋಡಿದ್ದೀರಾ ಎಂದು ಯಾರೋ ಕೇಳಿದರು. ಕಾಕಾ ನನ್ನತ್ತ ತಿರುಗಲೇ ಇಲ್ಲ. ನಾನು ಪರ್ಸಿನಲ್ಲಿ ಏನೋ ಹುಡುಕುತ್ತ ಕೂತೆ. ಒಂಟಿ ಹೆಂಗಸು, ದಿನಾ ಬೆಳಿಗ್ಗೆ ಪಂಪ್ ರೂಮಿನ ಹಿಂದೆ ಒಬ್ಬ ಗಂಡಸಿನ ಜೊತೆ, ನಾಲ್ಕು ಜನ ಏನಂದಾರು ಎಂಬ ಹೆದರಿಕೆ. ಅವರನ್ನು ಇಳಿಸಿ ಹೊಸಬರನ್ನು ಆರಿಸಿದರು. ಕಾಕಾ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಸದ್ದಿಲ್ಲದೆ ನಡೆದರು.

ಮರುದಿನ ಹೋಗಲೋ ಬೇಡವೋ ಎಂದುಕೊಳ್ಳುತ್ತಲೇ ಹೋದೆ. ನನ್ನ ಬಕೆಟ್ ಬೋರಲು ಹಾಕಿಯೇ ಇತ್ತು.

"ನೀವು ಸುಮ್ಮನಿದ್ದದ್ದು ಚೊಲೋ ಆತು ಅಕ್ಕಾರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತು ಎನ್ನುವ ಬದಲು ದುರ್ಬೀನಿಗೆ ಕೈಚಾಚಿದೆ. ವಾರದೊಳಗೆ ಹೊಸ ಪೈಪು ಬಂತು, ಮೋರಿಯ ಮೇಲೆ ಟೈಲ್ಸ್ ಬಂತು. ಧೋಬಿ ಎರಡು ದಿನ ಒಣ ಟೈಲ್ಸಿನ ಮೇಲೆ ಓಡಾಡಿ ಹೋಯಿತು. ಮೇ ತಿಂಗಳಲ್ಲಿ ಕಾಕಾನೂ ತೀರಿಹೋದರು.

ಈ ನವರಾತ್ರಿಯಿಂದ ನಾನು ಮನೆಯ ನಲ್ಲಿಯಿಂದ ಒಂದು ಬಕೆಟ್ ನೀರು ಹೊತ್ತು ಇಳಿಯುತ್ತಿದ್ದೇನೆ. ಟೈಲ್ಸಿನ ಅಂಚಿನಲ್ಲಿ ಮಣ್ಣು ಉಳಿದ ಕಡೆ ಚೊಂಬಿನಿಂದ ಸುರಿಯುತ್ತೇನೆ. ಹತ್ತು ದಿನ ಕಾಗೆ ಬಿಟ್ಟರೆ ಯಾರೂ ಬರಲಿಲ್ಲ. ಹನ್ನೊಂದನೇ ದಿನ ಹೊಸ ಸೆಕ್ರೆಟರಿ ಬಂದು, ಆಂಟೀ ಇದೇನು ನಡೆಸಿದ್ದೀರಿ ಎಂದು ಕೇಳಿದರು. ಗ್ಯಾಲರಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಚೊಂಬನ್ನು ಕೆಳಗಿಟ್ಟೆ. ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲೇ ಹೇಳಿದೆ.

"ಕಾಕಾ ಸುಳ್ಳು ಹೇಳಿರಲಿಲ್ಲ. ಹಕ್ಕಿ ಬರುತ್ತಿತ್ತು. ನಾಲ್ಕು ಚಳಿಗಾಲ ಅವರ ಪಕ್ಕದಲ್ಲಿ ಕೂತು ನಾನು ನೋಡಿದ್ದೇನೆ."

ಗ್ಯಾಲರಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು. ಇಷ್ಟಕ್ಕೇನಾ ನಾನು ಅವತ್ತು ಹೆದರಿದ್ದು? ಉಳಿದ ನೀರನ್ನು ಸುರಿದು, ಬಕೆಟ್ ಬೋರಲು ಹಾಕಿ, ಎರಡು ನಿಮಿಷ ಕೂತುಕೊಳ್ಳಿ, ಆಮೇಲೆ ಬೈಯಿರಿ ಎಂದು ಸೆಕ್ರೆಟರಿಗೆ ಹೇಳಿದೆ. ಅವರಿಗೆ ಟ್ರೇನಿನ ಹೊತ್ತಾಗಿತ್ತು, ಹೊರಟರು. ಆ ಬಕೆಟ್ ಮೇಲೆ ನಾನೇ ಕೂತೆ.

ಧೋಬಿ ಇನ್ನೂ ಬಂದಿಲ್ಲ. ನಾಳೆ ನಮ್ಮ ಏರಿಯಾದಲ್ಲಿ ನೀರು ಬಂದ್. ಅದರ ಪಾಲಿನ ಬಕೆಟ್ ಈಗಲೇ ತುಂಬಿಟ್ಟಿದ್ದೇನೆ.