ಎರಡನೇ ಸಲದ ಗಂಟೆ

ಆಗಸ್ಟ್ ಬಂತೆಂದರೆ ಈ ದೇಶದಲ್ಲಿ ತಲೆ ನೆಟ್ಟಗಿರುವವರೆಲ್ಲ ಸಮುದ್ರದ ದಾರಿ ಹಿಡಿಯುತ್ತಾರೆ. ಗಾಸ್ತೋನ್ ಮತ್ತು ಒದೀಲ್ ಮಾತ್ರ ಹಳೆಯ ವ್ಯಾನಿಗೆ ಎಣ್ಣೆ ಡಬ್ಬಿ, ಹಗ್ಗ, ಸ್ಪಾನರುಗಳನ್ನು ತುಂಬಿಕೊಂಡು ನಮ್ಮಂಥ ಹಳ್ಳಿಗಳ ಚರ್ಚಿನ ಗಡಿಯಾರ ರಿಪೇರಿಗೆ ಹೊರಡುತ್ತಿದ್ದರು. ಆತ ಉತ್ತರದ ಕಡೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ವರ್ಷದ ರಜೆಯೆಲ್ಲ ಇದಕ್ಕೇ ಮೀಸಲು. ಸಂಬಳ ಗಿಂಬಳ ಇಲ್ಲ. ಮುಚ್ಚಿಹೋದ ಶಾಲೆಯಲ್ಲಿ ಮಲಗಲು ಜಾಗ, ನನ್ನ ಕೆಫೆಯಲ್ಲಿ ಮಧ್ಯಾಹ್ನದ ಊಟ, ಹೊರಡುವ ದಿನ ಯಾರಾದರೂ ತಂದು ತುರುಕುವ ಟೊಮ್ಯಾಟೊ, ಚೀಸು, ಅಷ್ಟೇ.

"ರಜೆ ಹಾಕಿ ದುಡಿಯೋ ಗಂಡಸು ದೇಶಕ್ಕೆಲ್ಲ ಇವನೊಬ್ಬನೇ ಇರೋದು. ಅವನು ನನಗೇ ಗಂಟು ಬೀಳಬೇಕಿತ್ತಾ ಪೋಲೆಟ್?" ಎನ್ನುತ್ತಿದ್ದಳು ಒದೀಲ್. ಬೈಯುತ್ತಲೇ ಅವನ ಅಂಗಿಗೆ ಗುಂಡಿ ಹೊಲಿಯುತ್ತಿರುತ್ತಿದ್ದಳು. ದಪ್ಪ ಹೆಂಗಸು, ಮಾತು ಹರಿತ. ಇಪ್ಪತ್ತೆರಡು ಬೇಸಿಗೆಗಳಲ್ಲಿ ಮೂವತ್ತು ಹಳ್ಳಿ ನೋಡಿದ್ದಳು, ಸಮುದ್ರ ಒಂದು ಸಲವೂ ನೋಡಿರಲಿಲ್ಲ. ಪ್ರತಿ ವರ್ಷ ಗಾಸ್ತೋನ್ "ಇದೊಂದು ಊರು ಮುಗೀಲಿ" ಎನ್ನುತ್ತಿದ್ದ. ಇವಳಂಥ ಹೆಂಗಸು ನನಗೆ ಅಕ್ಕನಾಗಿ ಹುಟ್ಟಬಾರದಿತ್ತೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮೂರಿನ ಗಡಿಯಾರ ಗಂಟೆಯನ್ನು ಎರಡು ಸಲ ಹೊಡೆಯುತ್ತದೆ. ಮೂರು ಗಂಟೆಯಾದರೆ ಮೂರು ಹೊಡೆತ, ಎರಡು ನಿಮಿಷ ಬಿಟ್ಟು ಮತ್ತೆ ಮೂರು. ಮೊದಲನೆಯದು ಕಿವಿ ನಿಮಿರಿಸಲು, ಎರಡನೆಯದು ಎಣಿಸಲು. ಮೊದಲನೆಯದನ್ನು ಇಲ್ಲಿ ಯಾರೂ ಎಣಿಸುವುದಿಲ್ಲ. ಎರಡನೆಯ ಹೊಡೆತಕ್ಕೆ ಬೇರೆಯೇ ಒಂದು ಸುತ್ತಿಗೆ, ಅದಕ್ಕೊಂದು ಉದ್ದನೆಯ ತಂತಿ. ಗೋಪುರದಲ್ಲಿ ಯಂತ್ರವಿರುವುದು ಕೆಳಗಿನ ಕೋಣೆಯಲ್ಲಿ, ಗಂಟೆ ಇರುವುದು ಅಟ್ಟದ ಮೇಲೆ. ಕೆಳಗೆ ಚಕ್ರ ತಿರುಗಿದರೂ ಮೇಲೆ ಸುತ್ತಿಗೆ ಬಿತ್ತೋ ಇಲ್ಲವೋ ಎಂಬುದನ್ನು ಕಿವಿಯೇ ಹೇಳಬೇಕು.

ಆ ವರ್ಷ ಮೇಯರ್ ಒಬ್ಬ ಸೇಲ್ಸ್‌ಮನ್ನನ್ನು ಕರೆಸಿದ್ದರು. ಕರೆಂಟಿನ ಪೆಟ್ಟಿಗೆ ಕೂರಿಸಿದರೆ ಗಡಿಯಾರಕ್ಕೆ ಮನುಷ್ಯನೇ ಬೇಡವಂತೆ. ಶನಿವಾರದ ಸಭೆಯಲ್ಲಿ ತೀರ್ಮಾನ ಎಂದರು. ಗಾಸ್ತೋನ್ ಎರಡು ದಿನ ಗೋಪುರದಿಂದ ಇಳಿಯಲೇ ಇಲ್ಲ. ಊಟವನ್ನೂ ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಎಳೆದುಕೊಂಡ.

ಬುಧವಾರ ಪಕ್ಕದ ಊರಿನವರು ಬಸ್ಸು ಮಾಡಿಕೊಂಡು ಸಮುದ್ರಕ್ಕೆ ಹೊರಟಿದ್ದರು. ಒಂದು ಸೀಟು ಖಾಲಿಯಿತ್ತು. "ಹೋಗ್ಬಾರೇ, ಒಂದೇ ಒಂದು ದಿನ. ಅವನನ್ನೇನು ಕಾಗೆ ಕಚ್ಕೊಂಡು ಹೋಗಲ್ಲ," ಎಂದು ಒದೀಲಳನ್ನು ಬಸ್ಸಿಗೆ ಹತ್ತಿಸಿದವಳು ನಾನೇ. ಅವಳು ಕಿಟಕಿಯಿಂದ ಕೈ ಹೊರಹಾಕಿ ನನ್ನ ತೋಳು ಹಿಡಿದಳು.

"ಹನ್ನೆರಡಕ್ಕೆ ಚೌಕದಲ್ಲಿ ನಿಂತ್ಕೋ. ಎರಡನೇ ಸಲದ್ದು ಹೊಡೆದ ಮೇಲೆ ಗೋಪುರದ ಕಡೆ ಪಾತ್ರೆ ಒರೆಸೋ ಬಟ್ಟೆ ಬೀಸು. ಕಿವಿಯಾರೆ ಕೇಳಿ ಆಮೇಲೆ ಬೀಸು, ತಿಳೀತಾ?"

ಈ ವಯಸ್ಸಿನಲ್ಲೂ ಗಂಡ ಹೆಂಡಿರ ಸರಸ ನೋಡು ಎಂದು ನಾನು ನಕ್ಕೆ.

ಹನ್ನೆರಡಕ್ಕೆ ಕೆಫೆ ತುಂಬಿತ್ತು. ಮೊದಲ ಸಲದ್ದು ಕೇಳಿಸಿತು. ಅಷ್ಟರಲ್ಲಿ ಒಲೆಯ ಮೇಲಿನ ಸೂಪು ಉಕ್ಕಿತು. ಅದನ್ನು ಇಳಿಸಿ, ಬ್ರೆಡ್ಡು ಕೊಯ್ದು, ಎರಡು ನಿಮಿಷ ಕಳೆದಿರಬೇಕು ಎಂದುಕೊಂಡು ಬಾಗಿಲಿಗೆ ಓಡಿ ಬಟ್ಟೆ ಬೀಸಿದೆ. ಕೇಳಿಸಿಕೊಂಡೆನೇ? ಇಲ್ಲ. ಹುಟ್ಟಿದಾಗಿನಿಂದ ಮೊದಲನೆಯದರ ಹಿಂದೆ ಎರಡನೆಯದು ಬಂದೇ ಬಂದಿದೆ. ಹೊಡೆದೇ ಇರುತ್ತದೆ ಎಂದುಕೊಂಡೆ. ಗೋಪುರದ ಕಿಟಕಿಯಲ್ಲಿ ಗಾಸ್ತೋನ್ ಟೋಪಿ ಎತ್ತಿ ತೋರಿಸಿ, ಬೀಗ ಹಾಕಿಕೊಂಡು ಇಳಿದು ಬಂದ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಊರು ಹದಗೆಟ್ಟಿತು. ಗಂಟೆ ಹೊಡೆದಾಗ ಎಲ್ಲರೂ ಕಿವಿ ನಿಮಿರಿಸಿ, ಎಣಿಸಲು ಸಿದ್ಧರಾಗಿ ಕಾದರು. ಎರಡನೆಯದು ಬರಲೇ ಇಲ್ಲ. ಕ್ಲೆಮಾನ್ಸ್ ಅಜ್ಜಿಯ ಪ್ಲಮ್ ಟಾರ್ಟ್ ಒಲೆಯಲ್ಲೇ ಇದ್ದಿಲಾಯಿತು. ಪಾದ್ರಿಗಳು ದೀಕ್ಷಾಸ್ನಾನಕ್ಕೆ ತಡವಾಗಿ ಬಂದರು, ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು. ಸಂಜೆ ಎಲ್ಲರೂ ಚೌಕದಲ್ಲಿ ಸೇರಿದರು. ಗಾಸ್ತೋನ್ ನಲ್ಲಿಯ ಹತ್ತಿರ ಬೆನ್ನು ಮಾಡಿ ಕೈ ತೊಳೆಯುತ್ತಿದ್ದ.

"ಏನಯ್ಯಾ ಗಾಸ್ತೋನ್, ಅರ್ಧ ಗಡಿಯಾರ ನಿಮ್ಮೂರಿಗೆ ಪಾರ್ಸಲ್ ಮಾಡಿದ್ಯಾ?" ಎಂದ ಗಾರೆ ಕೆಲಸದ ರೊಬೇರ್. ಅವನು ಕೈ ತೊಳೆಯುತ್ತಲೇ ಇದ್ದ. "ಲೋ ಗಾಸ್ತೋನ್! ಕಿವುಡಾಗಿ ಹೋದ್ಯೇನೋ?" ಎಂದು ಗಂಟಲು ಹರಿಯುವಂತೆ ಕೂಗಿದ.

ಗಾಸ್ತೋನ್ ನಿಧಾನವಾಗಿ ಕೈ ಒರೆಸಿಕೊಂಡು ತಿರುಗಿದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ನಕ್ಕ. "ಹೌದೌದು, ಇವತ್ತು ಒಳ್ಳೇ ಬಿಸಿಲು," ಎಂದ.

ಯಾರೂ ನಗಲಿಲ್ಲ. ಮೇಯರ್ ನೆಲ ನೋಡಿದರು. ಒದೀಲ್ ಬಟ್ಟೆ ಬೀಸು ಎಂದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಒದೀಲ್ ಬಸ್ಸಿಳಿದಾಗ ಬೂಟಿನ ತುಂಬ ಮರಳಿತ್ತು. ವಿಷಯ ತಿಳಿದ ಮೇಲೆ ಅದನ್ನು ಕೊಡವಲೂ ಇಲ್ಲ, ನೇರ ನನ್ನ ಅಡಿಗೆಮನೆಗೆ ಬಂದಳು.

"ಕಿವಿಯಾರೆ ಕೇಳಿ ಅಂತ ಹೇಳಿದ್ನೋ ಇಲ್ವೋ?"

"ತಪ್ಪಾಯ್ತು ಕಣೇ. ನೀನು ಮೊದಲೇ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಅವನಿಗೆ ಕಿವಿ ಹೋಗಿ ನಾಲ್ಕು ವರ್ಷ ಆಯ್ತು. ಎದುರಿಗೆ ನಿಂತ್ರೆ ತುಟಿ ನೋಡಿ ತಿಳ್ಕೊಂಡು ಮಾತಾಡ್ತಾನೆ. ವರ್ಕ್‌ಶಾಪಲ್ಲಿ ಗೊತ್ತಾಗಿ ಸ್ಟೋರಲ್ಲಿ ಕೂರಿಸಿದ್ರು, ಬೋಲ್ಟು ಎಣಿಸೋಕೆ. ಅವನಿಗೆ ಉಳಿದಿರೋದು ಈ ಗಡಿಯಾರ ಒಂದೇ. ಅದನ್ನೂ ಪೆಟ್ಟಿಗೆಗೆ ಕೊಟ್ಬಿಟ್ರೆ ನನ್ನ ಗಂಡ ಸ್ಟೋರಲ್ಲೇ ಸತ್ತುಹೋಗ್ತಾನೆ ಪೋಲೆಟ್." ಅತ್ತಳು. ನಾನೂ ಅತ್ತೆ.

ಆ ರಾತ್ರಿಯೇ ನಾನು ಮನೆಮನೆಗೆ ಹೋಗಿ ಹೇಳಿದೆ: ತಪ್ಪು ನನ್ನದು, ಬಟ್ಟೆ ಬೀಸಿದವಳು ನಾನು. ಮೇಯರ್ ಮನೆಯಲ್ಲೂ ಹೇಳಿದೆ. ಅವರು "ಹೂಂ" ಎಂದರು, ಅಷ್ಟೇ. ಆ ಹೂಂಗೆ ಏನರ್ಥವೋ ತಿಳಿಯಲಿಲ್ಲ.

ಮರುದಿನ ಗಾಸ್ತೋನ್ ಅಟ್ಟ ಹತ್ತಿ ಕಳಚಿದ್ದ ತಂತಿಯನ್ನು ಸಿಕ್ಕಿಸಿದ. ಹನ್ನೆರಡಕ್ಕೆ ಊರಿಗೆ ಊರೇ ಚೌಕದಲ್ಲಿ ಮೇಜು ಹಾಕಿಕೊಂಡು ಊಟಕ್ಕೆ ಕುಳಿತಿತ್ತು. ಒದೀಲ್ ಬಟ್ಟೆ ಹಿಡಿದು ನಡುವೆ ನಿಂತಿದ್ದಳು. ಮೊದಲ ಹನ್ನೆರಡು ಹೊಡೆಯಿತು. ಯಾರೂ ಚಮಚ ಎತ್ತಲಿಲ್ಲ. ಎರಡು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎರಡನೆಯದು ಶುರುವಾಯಿತು. ಎಲ್ಲರೂ ಬಾಯಿಬಿಟ್ಟು ಎಣಿಸಿದೆವು. ಹನ್ನೆರಡು ಎನ್ನುತ್ತಿದ್ದಂತೆ, ಒದೀಲ್ ಕೈ ಎತ್ತುವ ಮೊದಲೇ ಮೇಯರ್ ಎದ್ದು ನಿಂತರು, ಕೊರಳಿಗೆ ಸಿಕ್ಕಿಸಿಕೊಂಡಿದ್ದ ಊಟದ ಬಟ್ಟೆ ಎಳೆದು ಗೋಪುರದ ಕಡೆ ಬೀಸಿದರು. ರೊಬೇರ್ ಬೀಸಿದ. ಕ್ಲೆಮಾನ್ಸ್ ಅಜ್ಜಿ ಏಪ್ರನ್ನನ್ನೇ ಬಿಚ್ಚಿ ಬೀಸಿದಳು. ಚೌಕದ ತುಂಬ ಬಿಳಿ ಬಟ್ಟೆ.

ಕಿಟಕಿಯಲ್ಲಿದ್ದ ಗಾಸ್ತೋನನ ಕೈ ಟೋಪಿಯವರೆಗೆ ಹೋಗಿ ನಿಂತುಬಿಟ್ಟಿತು. ಇಷ್ಟು ಜನ ಬೀಸಬೇಕಾದರೆ ಇಷ್ಟು ಜನಕ್ಕೂ ಗೊತ್ತಾಗಿದೆ. ಬಹಳ ಹೊತ್ತಾದ ಮೇಲೆ ಟೋಪಿ ಎತ್ತಿದ.

ಇಳಿದು ಬಂದವನ ಎದುರಿಗೆ ಮೇಯರ್ ನಿಂತು, ತುಟಿ ಚೆನ್ನಾಗಿ ಕಾಣುವಂತೆ ಹೇಳಿದರು: "ಮುಂದಿನ ವರ್ಷ ಒಂದು ವಾರ ಮುಂಚೆ ಬಾ. ಕೇಳೋ ಕೆಲಸ ನಮಗೆ ಬಿಡು."

ಗಾಸ್ತೋನ್ ತಲೆಯಾಡಿಸಿ ಹೆಂಡತಿಯ ಪಕ್ಕ ಕುಳಿತ. ಅವಳ ಬೂಟಿನಿಂದ ಇನ್ನೂ ಮರಳು ಉದುರುತ್ತಿತ್ತು.

"ಹೇಗಿತ್ತು ಸಮುದ್ರ?" ಎಂದು ಕೇಳಿದ.

ಒದೀಲ್ ಅವನ ಕಡೆ ಪೂರ್ತಿ ತಿರುಗಿ ಕುಳಿತಳು. "ಅಯ್ಯೋ, ವಿಪರೀತ ಗಲಾಟೆ. ಒಂದು ಗಳಿಗೆ ಸುಮ್ನಿರಲ್ಲ."

"ಹಾಗಾದ್ರೆ ನನಗೂ ಸ್ವಲ್ಪ ಕೇಳಿಸಬಹುದು," ಎಂದ ಗಾಸ್ತೋನ್. "ಊಟ ಮುಗಿಸು, ಹೊರಡೋಣ."