ಎರಡು ಹೊತ್ತಿನ ಹಾಲು

ಈ ವರ್ಷ ಜನವರಿಯ ಕೊನೆಯ ವಾರ ಕ್ಯಾಲನೂರಿನ ನಮ್ಮ ಎದುರುಮನೆ ಅತ್ತೆ ತೀರಿಕೊಂಡರು. ಹಾಲುತುಪ್ಪ ಬಿಟ್ಟು ಬಂದ ದಿನ ಅವರ ಸೊಸೆ ಒಂದು ಸ್ಟೀಲ್ ಬಕೆಟ್ಟು ತಂದು ನನ್ನ ಕೈಗಿಟ್ಟಳು. ಅದರ ಒಂದು ಬದಿ ಒಳಕ್ಕೆ ತಗ್ಗಿದೆ. ಅಂಚಿನಲ್ಲಿ ಹರಳೆಣ್ಣೆ ವಾಸನೆ ಇನ್ನೂ ಇತ್ತು... ಹಾಲು ಕರೆಯುವ ಮೊದಲು ಅತ್ತೆ ಬೆರಳಿಗೆ ಸವರಿಕೊಳ್ಳುತ್ತಿದ್ದ ಎಣ್ಣೆ.

ಅತ್ತೆ ಫೋನಿನ ಮೂಲಕ ಹಸು ಮಾರಿಸಿಕೊಡುತ್ತಿದ್ದರು. ಅವರದೊಂದು ವಾಟ್ಸಾಪ್ ಗುಂಪಿತ್ತು, ಯೂಟ್ಯೂಬ್ ಚಾನೆಲ್ ಇತ್ತು. ನಮ್ಮ ಕಡೆ ಹಸು ಕೊಳ್ಳುವವರು ಎರಡು ಹೊತ್ತು ಹಾಲು ಕರೆಸಿ ನೋಡದೆ ಮಾತು ಮುಗಿಸುವುದಿಲ್ಲ. ಹಿಂದಿನ ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿಯುತ್ತದೆ, ಬಕೆಟ್ಟು ತುಂಬುತ್ತದೆ, ಕೊಂಡವನು ಮನೆಗೆ ಹೋದ ಮೇಲೆ ಅಳುತ್ತಾನೆ. ಫೋನಿನಲ್ಲಿ ಹಸು ಮಾರುವ ಎಷ್ಟೋ ಮಂದಿ ತೋರಿಸುತ್ತಿದ್ದುದು ಅಂಥ ಕೆಚ್ಚಲನ್ನೇ. ಅತ್ತೆ ಸಂಜೆಯದನ್ನೂ ಮರುದಿನ ಬೆಳಗಿನದನ್ನೂ ಲೈವ್ ಬಿಡುತ್ತಿದ್ದರು. ಫೋನು ಹಿಡಿಯುವುದು ನನ್ನ ಕೆಲಸವಾಗಿತ್ತು.

ಅವರು ಮುಖ ತೋರಿಸುತ್ತಿರಲಿಲ್ಲ. ಕೊಂಡವರು ನೋಡಿದ್ದು ಎರಡು ಕೈ, ಹಸಿರು ಬಳೆ ಮತ್ತು ಬಕೆಟ್ಟು. ಮಾರಿದ ಮೇಲೂ ಅತ್ತೆ ಅವರನ್ನು ಬಿಡುತ್ತಿರಲಿಲ್ಲ. ಮೇವು ತಿನ್ನುತ್ತಿದೆಯಾ, ಕರು ಹಾಕಿತಾ ಎಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಗೌನಿಪಲ್ಲಿಯ ರೈತರೊಬ್ಬರು ಮಗಳ ಮದುವೆ ಗೊತ್ತಾದಾಗ ಮೊದಲು ಫೋನು ಮಾಡಿದ್ದು ಅವರಿಗೆ. ಇಬ್ಬರೂ ಎಂದೂ ಎದುರೆದುರು ನಿಂತವರಲ್ಲ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ಕಡೆಯ ದನದ ವ್ಯಾಪಾರಿಯೊಬ್ಬ ಕಪ್ಪುಬಿಳುಪಿನ ಹಸುವೊಂದನ್ನು ತಂದು ಅತ್ತೆಯ ಕೊಟ್ಟಿಗೆಯಲ್ಲಿ ಕಟ್ಟಿದ. ಹಿಂದೊಮ್ಮೆ ಅವನು ಕೆಚ್ಚಲು ಬಿಗಿಸಿದ ಹಸು ತಂದಾಗ ಅತ್ತೆ ವಾಪಸು ಕಳಿಸಿದ್ದರು. ಆ ಸಂಜೆ ಬಕೆಟ್ಟು ಅರ್ಧವೂ ತುಂಬಲಿಲ್ಲ. ನೋಡುತ್ತಿದ್ದವರಲ್ಲಿ ಯಾರೋ ಆ ತುಣುಕನ್ನು ಕತ್ತರಿಸಿ, ಮೇಲೆ ‘ಮೋಸದ ಹಸು’ ಎಂದು ಬರೆದು ಊರೂರಿಗೆ ಹಂಚಿದರು. ಅದೇ ರಾತ್ರಿ ವ್ಯಾಪಾರಿ ಇಬ್ಬರನ್ನು ಕರೆದುಕೊಂಡು ವಾಪಸು ಬಂದ.

“ನನ್ನ ಹೊಟ್ಟೆ ಮೇಲೆ ಹೊಡಿತೀಯೇನಕ್ಕಾ? ಟೆಂಪೋದಲ್ಲಿ ಬಂದು ಬೆದರಿತ್ತು ಅದು.”

“ಬೆಳಗ್ಗೇದೂ ತೋರಿಸ್ತೀನಿ, ಇರಪ್ಪ.”

“ಬೆಳಗ್ಗೇದು ಯಾವನು ನೋಡ್ತಾನೆ?”

ಬಕೆಟ್ಟು ಎತ್ತಿ ಬೀಸಿದ. ಅತ್ತೆ ತಲೆಗೆ ಬಲಗೈ ಅಡ್ಡ ಹಿಡಿದರು. ಬಳೆ ಚೂರಾಗಿ ಮಣಿಕಟ್ಟಿಗೆ ಹೊಕ್ಕವು. ಜತೆಗೆ ಬಂದವನೊಬ್ಬ ಅವರ ಕೂದಲು ಹಿಡಿದು ಮುಖವನ್ನು ಗೋದಲಿಯ ಕಲ್ಲಿಗೆ ಒತ್ತಿದ. ಇನ್ನೊಬ್ಬ ನನ್ನನ್ನು ಗೋಡೆಗೆ ನೂಕಿ ಫೋನಿಗೆ ಒದ್ದ. ಬಕೆಟ್ಟು ಮತ್ತೆ ಮತ್ತೆ ಇಳಿಯಿತು, ಬದಿ ತಗ್ಗುವವರೆಗೆ. ಕೊನೆಗೆ ವ್ಯಾಪಾರಿ ಅವರ ಕೈಯನ್ನು ಚಪ್ಪಡಿಯ ಮೇಲೆ ಎಳೆದಿಟ್ಟು ಹೆಬ್ಬೆರಳನ್ನು ಹಿಮ್ಮಡಿಯಿಂದ ತುಳಿದ. ಮೂಳೆ ಮುರಿದ ಶಬ್ದ ನನಗೆ ಕೇಳಿಸಿತು. ಹಸು ಹಗ್ಗ ಜಗ್ಗಿ ಕೂಗಿತು. ಬೀದಿಯವರು ಓಡಿಬರುವಷ್ಟರಲ್ಲಿ ಮೂವರೂ ಹೋಗಿದ್ದರು. ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಉಳಿದುಕೊಳ್ಳಲು ಹೇಳಿದರೂ ಕೇಳದೆ ಅತ್ತೆ ಬೆಳಗಾಗುವ ಹೊತ್ತಿಗೆ ಮನೆಗೆ ಬಂದರು. ಸೊಸೆ ಹಾಲು ಕರೆಯುತ್ತಾಳೆ ಎಂದು ನಾನು ಹೇಳಿ ನೋಡಿದೆ.

“ಬೆಳಗ್ಗೇದೂ ತೋರಿಸ್ತೀನಿ ಅಂದಿದೀನಿ ಕಣೇ. ಫೋನಲ್ಲಿ ಬಕೆಟ್ಟು ಮಾತ್ರ ಹಿಡಿ, ಕಟ್ಟಿರೋ ಕೈ ಬೇಡ.”

ಗಾಜು ಬಿರಿದ ಫೋನನ್ನೇ ನಾನು ಹಿಡಿದೆ, ಅವರು ಎಡಗೈಯೊಂದರಲ್ಲೇ ಹಾಲು ಕರೆದರು. ಹಣೆ ಬಾತು ಕಣ್ಣು ಅರ್ಧ ಮುಚ್ಚಿತ್ತು. ಹಸು ಒದೆಯಲಿಲ್ಲ. ತಗ್ಗಿದ ಬಕೆಟ್ಟು ಅಂಚಿನವರೆಗೆ ತುಂಬಿತು. ಹಸು ಒಳ್ಳೆಯದೆಂದೂ, ನಿನ್ನೆ ಬೆದರಿತ್ತೆಂದೂ, ಅದರ ಯಜಮಾನ ಹೇಳಿದ್ದು ನಿಜವೆಂದೂ ಅತ್ತೆ ಫೋನಿಗೆ ಹೇಳಿದರು. ಮೊದಲು ಬಂದ ಮೆಸೇಜು ಗೌನಿಪಲ್ಲಿಯದು: “ಅಕ್ಕಯ್ಯಾ, ಬಲಗೈ ಎಲ್ಲಿ?” ಜಾರಿ ಬಿದ್ದೆ ಎಂದರು. ಯಾರೂ ನಂಬಲಿಲ್ಲ. ನಮ್ಮ ಬೀದಿಯವರೊಬ್ಬರು ನಡೆದದ್ದನ್ನು ಗುಂಪಿನಲ್ಲಿ ಬರೆದರು.

ಮಧ್ಯಾಹ್ನ ವ್ಯಾನುಗಳು ಬಂದವು. ಶ್ರೀನಿವಾಸಪುರ, ಮಾಲೂರು, ಗಡಿಯಾಚೆಯ ಹಳ್ಳಿಗಳು... ಅತ್ತೆಯಿಂದ ಹಸು ಕೊಂಡವರು, ಒಬ್ಬರನ್ನೊಬ್ಬರು ಅದುವರೆಗೆ ಕಾಣದವರು. ಮೊದಲು ಅವರು ಹೋದದ್ದು ದನದ ಸಂತೆಗೆ. ವ್ಯಾಪಾರಿ ಅಲ್ಲಿ ಟೀ ಕುಡಿಯುತ್ತಿದ್ದ. ನೆಲದಿಂದ ಗೂಟ ಕಿತ್ತು ಹೊಡೆದರು. ಬಿದ್ದವನ ಕೊರಳಿಗೆ ಮೂಗುದಾರದ ಹಗ್ಗ ಹಾಕಿ ಟೆಂಪೋ ಸಾಲಿನ ಉದ್ದಕ್ಕೂ ಎಳೆದರು. ಗೂಟದ ಮೊನೆ ಎಡಗಣ್ಣಿಗೆ ಬಿತ್ತು. ಬಿಡಿಸಲು ಹೋದವರೂ ಪೆಟ್ಟು ತಿಂದರು.

ಆಮೇಲೆ ಅತ್ತೆಯ ಮನೆಗೆ ಬಂದರು. ಅಂಗಿಗಳ ಮೇಲೆ ರಕ್ತವಿತ್ತು. ಅವರು ಮಾತಾಡುವವರೆಗೆ ಯಾರು ಯಾರೆಂದು ಅತ್ತೆಗೆ ಗೊತ್ತಾಗಲಿಲ್ಲ. ದನಿ ಕೇಳಿ ಒಬ್ಬೊಬ್ಬರನ್ನೇ ಗುರುತು ಹಿಡಿದರು.

“ವಿಚಾರಿಸ್ಕೊಂಡು ಬಂದ್ವಿ ಅಕ್ಕಯ್ಯಾ,” ಎಂದರು ಗೌನಿಪಲ್ಲಿಯವರು.

“ಬೆಳಗ್ಗೆ ಬಕೆಟ್ಟು ತುಂಬಿತ್ತಲ್ಲಪ್ಪಾ. ನೋಡ್ಲಿಲ್ವಾ?”

ಅವರೆಲ್ಲ ಕಾಣದ ಬಲಗೈಯನ್ನು ಹುಡುಕಿದ್ದರು, ಬಕೆಟ್ಟು ಯಾರೂ ನೋಡಿರಲಿಲ್ಲ. ಅತ್ತೆ ಅವರಿಗೆ ನೀರು ಕೊಡಿಸಿದರು. ಒಳಗೆ ಬನ್ನಿ ಎನ್ನಲಿಲ್ಲ.

ಪೊಲೀಸರು ಕೇಳಿದಾಗ ತನ್ನ ಕೈ ಮುರಿದವರು ಯಾರೆಂಬುದನ್ನೂ, ರಕ್ತದ ಅಂಗಿಯಲ್ಲಿ ಬಾಗಿಲಿಗೆ ಬಂದವರು ಯಾರೆಂಬುದನ್ನೂ ಅತ್ತೆ ಬಿಡದೆ ಹೇಳಿದರು. ವ್ಯಾಪಾರಿ ಇನ್ನೂ ಆಸ್ಪತ್ರೆಯಲ್ಲಿದ್ದ, ಹಸುವನ್ನು ಅವನ ಹೆಂಡತಿಗೆ ಕಳಿಸಿಕೊಟ್ಟರು. ಗುಂಪು ಮುಚ್ಚಿ, ಎಲ್ಲರ ನಂಬರೂ ಅಳಿಸಿದರು. ಹೆಬ್ಬೆರಳು ಮತ್ತೆ ಮಡಚಲು ಬರಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ಕೆಲವೊಮ್ಮೆ ನನ್ನನ್ನು ಕೇಳುತ್ತಿದ್ದರು, ಆ ಗೌನಿಪಲ್ಲಿ ಹಸು ಈಗ ಎಷ್ಟನೇ ಕರು ಹಾಕಿರಬಹುದು ಎಂದು...

ಬಕೆಟ್ಟು ಈಗ ನಮ್ಮ ಮನೆಯಲ್ಲಿದೆ. ಅವರಿಲ್ಲದ ಜಗಲಿ ನಮ್ಮ ಬಾಗಿಲಿನಿಂದ ಕಾಣುತ್ತದೆ.

ಹಾಲುತುಪ್ಪದ ಬೆಳಿಗ್ಗೆ ವ್ಯಾಪಾರಿಯ ಹೆಂಡತಿ ಒಂದು ಕ್ಯಾನು ಹಾಲು ತಂದು ಹೊಸ್ತಿಲ ಬಳಿ ಇಟ್ಟು, ಒಳಗೆ ಬಾರದೆ ಹೋದರು. ಗುಂಪಿನಲ್ಲಿದ್ದವರು ಯಾರೂ ಬರಲಿಲ್ಲ. ಅವರಿಗೆ ತಿಳಿಸಲು ಮನೆಯಲ್ಲಿ ಯಾರ ನಂಬರೂ ಇರಲಿಲ್ಲ. ಎರಡೂ ಕೇಸುಗಳು ನ್ಯಾಯಾಲಯದಲ್ಲಿವೆ.